ಒಂದೇ ಸರತಿ, ಮೂರು ಬಿಲ್: ಚೂರು ಚೂರಾದ ಮಾಹಿತಿಯನ್ನು ನಿಮ್ಮ ಫೋನ್ ಒಟ್ಟಿಗೆ ಓದಿ ಬರೆಯುವುದು ಹೇಗೆ?

ಫೋನ್ ಮತ್ತು ಪೆನ್‌ಡ್ರೈವ್‌ಗಳ ಬಗ್ಗೆ ಕೆಲವು ಮಾತುಗಳು ಗ್ರೂಪ್‌ನಿಂದ ಗ್ರೂಪ್‌ಗೆ ಹರಿದಾಡುತ್ತಲೇ ಇರುತ್ತವೆ. "1 ಜಿಬಿ ಅಂದರೆ 1 ಜಿಬಿ, ಸಾವಿರ ಫೋಟೊ ಆದರೂ ಒಂದೇ ವಿಡಿಯೊ ಆದರೂ ಕಾಪಿ ಆಗಲು ಅಷ್ಟೇ ಹೊತ್ತು." "ಕಾಪಿ 100% ಎಂದು ತೋರಿಸಿತೆಂದರೆ ಮುಗಿಯಿತು, ಪೆನ್‌ಡ್ರೈವ್ ಕಿತ್ತುಬಿಡಿ." "ಕನ್ನಡ ಅಕ್ಷರ ಒಡೆದು ಕಪ್ಪು ಪ್ರಶ್ನಾರ್ಥಕ ಚಿಹ್ನೆ ಬಂದರೆ ಅದು ವೈರಸ್." "ಈ ಬೂಸ್ಟರ್ ಆ್ಯಪ್ ಹಾಕಿದರೆ ಫೋನ್ ಓದುವ ಬರೆಯುವ ವೇಗ ಎರಡು ಪಟ್ಟು."

ಈ ನಾಲ್ಕು ಮಾತುಗಳಿಗೂ ಒಂದಕ್ಕೊಂದು ಸಂಬಂಧವಿಲ್ಲ ಎನ್ನಿಸಬಹುದು. ಆದರೆ ನಾಲ್ಕರ ಹಿಂದೆಯೂ ಇರುವ ಪ್ರಶ್ನೆ ಒಂದೇ: ಆ್ಯಪ್ ಒಂದು ಮಾಹಿತಿಯನ್ನು ಓದಬೇಕು ಅಥವಾ ಬರೆಯಬೇಕು ಎಂದಾಗ ಫೋನ್ ಒಳಗೆ ನಿಜವಾಗಿ ಏನಾಗುತ್ತದೆ? ಇದನ್ನು ತಿಳಿಯಲು ಪ್ರೋಗ್ರಾಮರ್‌ಗಳು ಬಿಟ್ಟರೆ ಬೇರೆಯವರು ಹೆಚ್ಚು ಕೇಳಿರದ ಎರಡು ಹೆಸರುಗಳನ್ನು ಪರಿಚಯ ಮಾಡಿಕೊಳ್ಳೋಣ: ರೀಡ್‌ವಿ ಮತ್ತು ರೈಟ್‌ವಿ.

ಮೊದಲು ಕೌಂಟರ್, ಆಮೇಲೆ ಕೆಲಸ

ನಿಮ್ಮ ಫೋನ್‌ನಲ್ಲಿರುವ ಯಾವ ಆ್ಯಪ್ ಕೂಡ ಮೆಮೊರಿ ಚಿಪ್ ಅನ್ನಾಗಲಿ, ವೈಫೈ ಚಿಪ್ ಅನ್ನಾಗಲಿ ನೇರವಾಗಿ ಮುಟ್ಟುವಂತಿಲ್ಲ. ಅವುಗಳ ಉಸ್ತುವಾರಿ ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಕರ್ನಲ್‌ನದು. ಆಂಡ್ರಾಯ್ಡ್ ಫೋನ್‌ಗಳಲ್ಲಿ ಈ ಕರ್ನಲ್ ಲಿನಕ್ಸ್. ಫೈಲ್ ಬೇಕಾದರೆ, ಸಂದೇಶ ಕಳುಹಿಸಬೇಕಾದರೆ ಆ್ಯಪ್ ಕರ್ನಲ್‌ಗೆ ಮನವಿ ಸಲ್ಲಿಸಬೇಕು. ಈ ಮನವಿಯೇ ಸಿಸ್ಟಮ್ ಕಾಲ್.

ಸರ್ಕಾರಿ ಕಚೇರಿಯ ಕೌಂಟರ್ ನೆನಪಿಸಿಕೊಳ್ಳಿ. ಗಾಜಿನ ಈಚೆ ನಾವು, ಆಚೆ ಸಿಬ್ಬಂದಿ. ಕಡತದ ಕೋಣೆಗೆ ನಾವು ಹೋಗುವಂತಿಲ್ಲ, ಚೀಟಿ ಕೊಟ್ಟು ಕೆಲಸ ಮಾಡಿಸಿಕೊಳ್ಳಬೇಕು. ಫೋನ್ ಒಳಗಿನ ಕೌಂಟರ್‌ಗಳಿಗೂ ಸಂಖ್ಯೆಗಳಿವೆ. ಇಂದಿನ ಬಹುತೇಕ ಆಂಡ್ರಾಯ್ಡ್ ಫೋನ್‌ಗಳಲ್ಲಿರುವ 64-ಬಿಟ್ ಎಆರ್‌ಎಂ ಪ್ರೊಸೆಸರ್‌ಗಳ ಲಿನಕ್ಸ್‌ನಲ್ಲಿ ಓದುವ ರೀಡ್‌ನ ಸಂಖ್ಯೆ 63, ಬರೆಯುವ ರೈಟ್‌ನದು 64. ಅವುಗಳ ಪಕ್ಕದಲ್ಲೇ 65 ರೀಡ್‌ವಿ, 66 ರೈಟ್‌ವಿ.

ಒಂದು ಸಲ ಕೌಂಟರ್‌ಗೆ ಹೋಗಿ ಬರುವುದಕ್ಕೂ ಖರ್ಚಿದೆ. ಪ್ರೊಸೆಸರ್ ಆ್ಯಪ್‌ನ ಕೆಲಸ ನಿಲ್ಲಿಸಿ, ಅದರ ಸ್ಥಿತಿಯನ್ನು ಎತ್ತಿಟ್ಟು, ಕರ್ನಲ್‌ನ ಅಧಿಕಾರಕ್ಕೆ ಬದಲಾಗಿ, ಮನವಿ ಸರಿಯಿದೆಯೇ ಎಂದು ಪರೀಕ್ಷಿಸಿ, ಕೆಲಸ ಮುಗಿಸಿ ಮರಳಬೇಕು. ಒಂದು ಸಲಕ್ಕೆ ಇದು ಸೆಕೆಂಡಿನ ಒಂದು ಕೋಟಿಯ ಒಂದು ಭಾಗದ ಆಸುಪಾಸಿನ ಲೆಕ್ಕ. ಅಷ್ಟೇನಾ ಎನ್ನಬಹುದು. ಆದರೆ ಸೆಕೆಂಡಿಗೆ ಲಕ್ಷಾಂತರ ಸಲ ಹೋಗಿ ಬರುವ ಸರ್ವರ್‌ಗಳಲ್ಲಿ ಇದು ಕಣ್ಣಿಗೆ ಕಾಣುವಷ್ಟು ದೊಡ್ಡದಾಗುತ್ತದೆ. 2018ರ ಜನವರಿಯಲ್ಲಿ ಮೆಲ್ಟ್‌ಡೌನ್ ಎಂಬ ಪ್ರೊಸೆಸರ್ ದೋಷ ಬಹಿರಂಗವಾದ ಮೇಲೆ ಅನೇಕ ಯಂತ್ರಗಳಲ್ಲಿ ಸುರಕ್ಷತೆಗಾಗಿ ಈ ದಾಟುವಿಕೆಗೆ ಇನ್ನಷ್ಟು ತಪಾಸಣೆ ಸೇರಿಸಬೇಕಾಯಿತು. ಕೌಂಟರ್‌ಗೆ ಹೋಗುವ ಖರ್ಚು ಇನ್ನೂ ಹೆಚ್ಚಿತು.

ಮೂರು ಬಿಲ್‌ಗೆ ಮೂರು ಸಲ ಸರತಿ ಏಕೆ?

ಹುಬ್ಬಳ್ಳಿ-ಧಾರವಾಡದವರಿಗೆ ಕರ್ನಾಟಕ ಒನ್ ಕೇಂದ್ರ ಗೊತ್ತು. ಹೆಸ್ಕಾಂ ವಿದ್ಯುತ್ ಬಿಲ್, ನೀರಿನ ಬಿಲ್, ದೂರವಾಣಿ ಬಿಲ್ ಮೂರನ್ನೂ ಹಿಡಿದು ಹೋಗಿದ್ದೀರಿ ಎಂದುಕೊಳ್ಳಿ. ಒಂದು ಬಿಲ್ ಕಟ್ಟಿ, ಮತ್ತೆ ಸರತಿಯ ಹಿಂದೆ ಹೋಗಿ ನಿಂತು ಎರಡನೆಯದು, ಮತ್ತೆ ಹೋಗಿ ಮೂರನೆಯದು ಎಂದು ಯಾರೂ ಮಾಡುವುದಿಲ್ಲ. ಮೂರನ್ನೂ ಒಟ್ಟಿಗೆ ಕೊಡುತ್ತೇವೆ. ಬಿಲ್‌ಗಳನ್ನು ಅಂಟಿಸಿ ಒಂದೇ ಹಾಳೆ ಮಾಡಬೇಕಾಗಿಯೂ ಇಲ್ಲ. ಅವು ಬೇರೆ ಬೇರೆಯಾಗಿಯೇ ಇರುತ್ತವೆ, ಸರತಿ ಮಾತ್ರ ಒಂದು.

ಆ್ಯಪ್‌ಗಳಿಗೂ ಇದೇ ಪರಿಸ್ಥಿತಿ ಬರುತ್ತದೆ. ಆ್ಯಪ್ ತನ್ನ ಮಾಹಿತಿಯನ್ನು ಇಟ್ಟುಕೊಳ್ಳುವ ಮೆಮೊರಿಯ ತುಂಡಿಗೆ ಬಫರ್ ಎನ್ನುತ್ತಾರೆ. ನೀವು ಕಳುಹಿಸುವ ಒಂದು ಸಂದೇಶದಲ್ಲಿ ವಿಳಾಸ, ಉದ್ದ, ಸಮಯದಂಥ ವಿವರಗಳ ತಲೆಬರಹ ಒಂದು ಬಫರ್‌ನಲ್ಲಿ, ಸಂದೇಶದ ಪಠ್ಯ ಇನ್ನೊಂದರಲ್ಲಿ, ಕೊನೆಯ ಪರೀಕ್ಷಾ ಸಂಖ್ಯೆ ಮತ್ತೊಂದರಲ್ಲಿ ಇರಬಹುದು. ಹಳೆಯ ರೈಟ್‌ಗೆ ಒಂದು ಸಲಕ್ಕೆ ಒಂದೇ ಬಫರ್ ಕೊಡಲು ಸಾಧ್ಯ. ಹಾಗಾಗಿ ಮೂರು ಸಲ ಕರೆಯಬೇಕು. ಇಲ್ಲವೇ ಮೂರನ್ನೂ ಹೊಸದೊಂದು ದೊಡ್ಡ ಬಫರ್‌ಗೆ ನಕಲು ಮಾಡಿ ಒಮ್ಮೆ ಕರೆಯಬೇಕು. ಮೊದಲನೆಯದರಲ್ಲಿ ಸರತಿಯ ಖರ್ಚು, ಎರಡನೆಯದರಲ್ಲಿ ನಕಲಿನ ಖರ್ಚು.

ರೈಟ್‌ವಿ ಮೂರನೆಯ ದಾರಿ. ಆ್ಯಪ್ ಒಂದು ಪುಟ್ಟ ಪಟ್ಟಿ ಕೊಡುತ್ತದೆ. ಪಟ್ಟಿಯ ಪ್ರತಿ ಸಾಲಿನಲ್ಲಿ ಎರಡೇ ಸಂಗತಿ: ಈ ತುಂಡು ಮೆಮೊರಿಯಲ್ಲಿ ಎಲ್ಲಿ ಶುರುವಾಗುತ್ತದೆ, ಎಷ್ಟು ಬೈಟ್ ಉದ್ದವಿದೆ. ಕರ್ನಲ್ ಪಟ್ಟಿ ನೋಡಿಕೊಂಡು ತುಂಡುಗಳನ್ನು ಅದೇ ಕ್ರಮದಲ್ಲಿ ಒಂದೇ ಸಾಲಾಗಿ ಬರೆಯುತ್ತದೆ. ಹಲವು ಕಡೆ ಇದ್ದದ್ದನ್ನು ಕೂಡಿಸಿ ಬರೆಯುವುದು ಇದರ ಕೆಲಸ. ರೀಡ್‌ವಿಯದು ಇದರ ತಿರುಗುಮುರುಗು. ಒಂದೇ ಸಾಲಾಗಿ ಬರುವ ಮಾಹಿತಿಯನ್ನು ಓದಿ ಹಲವು ಬಫರ್‌ಗಳಿಗೆ ಹಂಚುತ್ತದೆ. ಹೆಸರಿನ ಕೊನೆಯ "ವಿ" ಎಂದರೆ ವೆಕ್ಟರ್, ಅಂದರೆ ಇಲ್ಲಿ ಪಟ್ಟಿ.

ಹುಬ್ಬಳ್ಳಿ ಮತ್ತು ಧಾರವಾಡವನ್ನೇ ನೋಡಿ. ಸುಮಾರು 20 ಕಿಲೋಮೀಟರ್ ಅಂತರದ ಎರಡು ಊರುಗಳು. 1962ರಲ್ಲಿ ಎರಡಕ್ಕೂ ಸೇರಿ ಒಂದೇ ಪಾಲಿಕೆ ಆಯಿತು. ಅದಕ್ಕಾಗಿ ಯಾವ ಊರನ್ನೂ ಇನ್ನೊಂದರ ಪಕ್ಕಕ್ಕೆ ಎತ್ತಿಡಬೇಕಾಗಲಿಲ್ಲ. ಇದ್ದ ಜಾಗದಲ್ಲೇ ಇದ್ದವು, ಕಡತದಲ್ಲಿ ಒಂದಾದವು. ರೈಟ್‌ವಿ ಮಾಡುವುದೂ ಇಷ್ಟನ್ನೇ.

46 ಬೈಟ್‌ಗಳ ಒಂದು ಉದಾಹರಣೆ

ಒಂದು ಆ್ಯಪ್ "ಹುಬ್ಬಳ್ಳಿ-ಧಾರವಾಡ" ಎಂದು ಬರೆಯಬೇಕು ಎನ್ನೋಣ. ಅದರ ಬಳಿ ಮೂರು ಬಫರ್ ಇವೆ: ಒಂದರಲ್ಲಿ "ಹುಬ್ಬಳ್ಳಿ", ಎರಡನೆಯದರಲ್ಲಿ ಅಡ್ಡಗೆರೆ, ಮೂರನೆಯದರಲ್ಲಿ "ಧಾರವಾಡ".

ಇಂದು ಫೋನ್‌ಗಳು ಕನ್ನಡವನ್ನು ಯುನಿಕೋಡ್‌ನ ಯುಟಿಎಫ್-8 ವಿಧಾನದಲ್ಲಿ ಕಳುಹಿಸುತ್ತವೆ. ಇದರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ 3 ಬೈಟ್. ನೆನಪಿಡಿ, ಕಣ್ಣಿಗೆ ಒಂದೇ ಅಕ್ಷರವಾಗಿ ಕಾಣುವುದು ಹಲವು ಸಂಕೇತಗಳಾಗಿರಬಹುದು. "ಹುಬ್ಬಳ್ಳಿ" ಕಣ್ಣಿಗೆ ಮೂರು ಅಕ್ಷರ. ಒಳಗೆ ಹ, ಉಕಾರದ ಕೊಂಬು, ಬ, ವಿರಾಮ, ಬ, ಳ, ವಿರಾಮ, ಳ, ಇಕಾರದ ಗುಡಿಸು ಎಂದು 9 ಸಂಕೇತ. ಅಂದರೆ 27 ಬೈಟ್. "ಧಾರವಾಡ" 6 ಸಂಕೇತ, 18 ಬೈಟ್. ಅಡ್ಡಗೆರೆಗೆ 1 ಬೈಟ್. ಒಟ್ಟು 46.

ಮೂರು ಸಾಲಿನ ಪಟ್ಟಿ ಕೊಟ್ಟು ರೈಟ್‌ವಿ ಕರೆದರೆ ಎಲ್ಲವೂ ಸರಿಯಾದಾಗ ಅದು ಮರಳಿ ಹೇಳುವ ಉತ್ತರ 46. ಮೂರು ಸಲದ ಬದಲು ಒಂದೇ ಸಲ. ಈ ಉತ್ತರವನ್ನು ಮರೆಯಬೇಡಿ, ಇದಕ್ಕೆ ಮತ್ತೆ ಬರುತ್ತೇವೆ.

ಇದು ಹೊಸ ತಂತ್ರಜ್ಞಾನವೇ?

ಅಲ್ಲವೇ ಅಲ್ಲ. ಚದುರಿದ ತುಂಡುಗಳನ್ನು ಒಂದೇ ಆದೇಶದಲ್ಲಿ ಓದಿ ಬರೆಯುವ ಉಪಾಯ 1964ರಲ್ಲಿ ಬಂದ ಐಬಿಎಂ ಸಿಸ್ಟಮ್/360 ಕಂಪ್ಯೂಟರ್‌ನ ಯಂತ್ರಾಂಶದಲ್ಲೇ ಇತ್ತು. ರೀಡ್‌ವಿ, ರೈಟ್‌ವಿ ಎಂಬ ಸಿಸ್ಟಮ್ ಕಾಲ್‌ಗಳು ಮೊದಲು ಕಾಣಿಸಿಕೊಂಡದ್ದು 1983ರಲ್ಲಿ, ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿಯಲ್ಲಿ ಸಿದ್ಧವಾದ ಯುನಿಕ್ಸ್ ಆವೃತ್ತಿ 4.2 ಬಿಎಸ್‌ಡಿಯಲ್ಲಿ. ಇಂದಿನ ಇಂಟರ್‌ನೆಟ್ ಪ್ರೋಗ್ರಾಮಿಂಗ್‌ಗೆ ಅಡಿಪಾಯವಾದ ಸಾಕೆಟ್ ವ್ಯವಸ್ಥೆ ಜನಪ್ರಿಯವಾದದ್ದೂ ಅದೇ ಆವೃತ್ತಿಯಿಂದ. ಲಿನಕ್ಸ್ ಇವನ್ನು ಅಳವಡಿಸಿಕೊಂಡಿತು. ಐಫೋನ್‌ನ ಕರ್ನಲ್‌ನಲ್ಲೂ ಬಿಎಸ್‌ಡಿಯ ಅಂಶವಿದ್ದು ಅಲ್ಲೂ ಇವು ಇವೆ. 2009ರಲ್ಲಿ ಲಿನಕ್ಸ್ 2.6.30ಕ್ಕೆ ಪ್ರೀಡ್‌ವಿ, ಪಿರೈಟ್‌ವಿ ಎಂಬ ತಮ್ಮಂದಿರು ಸೇರಿದರು. ಫೈಲ್‌ನ ಇಂಥ ಜಾಗದಿಂದಲೇ ಓದು ಅಥವಾ ಇಂಥ ಜಾಗಕ್ಕೇ ಬರೆ ಎಂದು ಹೇಳುವ ಸೌಲಭ್ಯ ಅವುಗಳಲ್ಲಿದೆ.

ನಿಮ್ಮ ಫೋನ್‌ನಲ್ಲಿ ಇದು ಎಲ್ಲಿದೆ?

ಆಂಡ್ರಾಯ್ಡ್‌ನ ಪ್ರತಿ ಆ್ಯಪ್ ಮತ್ತು ಸೇವೆ ತನ್ನ ಆಗುಹೋಗುಗಳನ್ನು ಲಾಗ್ ಎಂಬ ದಿನಚರಿಗೆ ಬರೆಯುತ್ತಿರುತ್ತದೆ. ಒಂದು ಲಾಗ್ ಸಾಲಿನಲ್ಲಿ ವಿಷಯ ಎಷ್ಟು ಗಂಭೀರ ಎಂಬ ಗುರುತು, ಯಾವ ಭಾಗದಿಂದ ಬಂತು ಎಂಬ ಹೆಸರು, ನಿಜವಾದ ಸಂದೇಶ ಎಂಬ ತುಂಡುಗಳಿರುತ್ತವೆ. ಆಂಡ್ರಾಯ್ಡ್‌ನ ಲಾಗ್ ಲೈಬ್ರರಿ ಇವನ್ನು ಒಂದು ಪಟ್ಟಿ ಮಾಡಿ ರೈಟ್‌ವಿ ಮೂಲಕ ಒಂದೇ ಸಲ ಕಳುಹಿಸುತ್ತದೆ. ಇದರಿಂದ ಸರತಿ ಉಳಿಯುವುದಷ್ಟೇ ಅಲ್ಲ, ಒಂದು ಆ್ಯಪ್‌ನ ಹೆಸರಿಗೆ ಇನ್ನೊಂದು ಆ್ಯಪ್‌ನ ಸಂದೇಶ ಅಂಟಿಕೊಳ್ಳುವ ಗೊಂದಲವೂ ತಪ್ಪುತ್ತದೆ.

ಫಾರ್ವರ್ಡ್‌ಗಳ ಲೋಕಕ್ಕೇ ಬಂದರೆ, ವಾಟ್ಸ್ಆ್ಯಪ್ ತನ್ನ ಸರ್ವರ್‌ಗಳಿಗೆ ಅರ್ಲಾಂಗ್ ಎಂಬ ಪ್ರೋಗ್ರಾಮಿಂಗ್ ಭಾಷೆಯನ್ನು ಆರಿಸಿಕೊಂಡದ್ದು ಪ್ರಸಿದ್ಧ. ಒಂದೇ ಸರ್ವರ್‌ನಲ್ಲಿ 20 ಲಕ್ಷ ಸಂಪರ್ಕಗಳನ್ನು ನಿಭಾಯಿಸಿದ್ದಾಗಿ ಕಂಪನಿ 2012ರ ಜನವರಿಯಲ್ಲಿ ಪ್ರಕಟಿಸಿತ್ತು. ಎರಿಕ್ಸನ್ ಕಂಪನಿ ದೂರವಾಣಿ ವಿನಿಮಯ ಕೇಂದ್ರಗಳಿಗಾಗಿ 1980ರ ದಶಕದಲ್ಲಿ ರೂಪಿಸಿದ ಈ ಭಾಷೆಯಲ್ಲಿ ಸಂದೇಶದ ತುಂಡುಗಳನ್ನು ಅಂಟಿಸದೆ ಪಟ್ಟಿಯಾಗಿಯೇ ಇಟ್ಟುಕೊಳ್ಳುವುದು ರೂಢಿ. ಕಳುಹಿಸುವಾಗ ಆ ಪಟ್ಟಿಯನ್ನು ರೈಟ್‌ವಿ ಮಾದರಿಯ ಕರೆಗೆ ಹಾಗೆಯೇ ಒಪ್ಪಿಸಬಹುದು.

ಇಲ್ಲೊಂದು ತಪ್ಪು ತಿಳಿವಳಿಕೆ ಬೇಡ. ರೈಟ್‌ವಿ ಹಲವು ತುಂಡುಗಳನ್ನು ಒಂದೇ ಜಾಗಕ್ಕೆ ಬರೆಯುತ್ತದೆ. ಒಂದು ತುಂಡನ್ನು ಹಲವು ಜಾಗಕ್ಕಲ್ಲ. ನೀವು ಒಂದು ಸಂದೇಶವನ್ನು ಐದು ಜನರಿಗೆ ಫಾರ್ವರ್ಡ್ ಮಾಡುವುದಕ್ಕೂ ಇದಕ್ಕೂ ಸಂಬಂಧವಿಲ್ಲ. ಹಾಗೆಯೇ ರೀಡ್‌ವಿ ಎಲ್ಲ ಬಫರ್‌ಗಳನ್ನೂ ಏಕಕಾಲಕ್ಕೆ ತುಂಬುವುದಿಲ್ಲ. ಮೊದಲನೆಯದು ಪೂರ್ತಿ ತುಂಬಿದ ಮೇಲೆಯೇ ಎರಡನೆಯದು.

ಲಾಭ ಎಷ್ಟು? ಯಾವಾಗ?

ಅತಿ ಹೆಚ್ಚು ಲಾಭ ನೆಟ್‌ವರ್ಕ್‌ನಲ್ಲಿ. ತಲೆಬರಹ ಮತ್ತು ಪಠ್ಯವನ್ನು ಎರಡು ಸಲ ರೈಟ್ ಮಾಡಿದರೆ ತಲೆಬರಹದ ಪುಟ್ಟ ಪ್ಯಾಕೆಟ್ ಮೊದಲೇ ಹೊರಟುಬಿಡಬಹುದು. ಸಣ್ಣ ಪ್ಯಾಕೆಟ್‌ಗಳಿಂದ ಜಾಲ ಗಿಜಿಗುಟ್ಟಬಾರದು ಎಂದು 1984ರಲ್ಲಿ ಜಾನ್ ನೇಗಲ್ ಸೂಚಿಸಿದ ನಿಯಮದಂತೆ, ಮೊದಲನೆಯದು ತಲುಪಿದ ಸುದ್ದಿ ಬರುವವರೆಗೆ ಎರಡನೆಯ ಪುಟ್ಟ ಪ್ಯಾಕೆಟ್ ಕಾಯುತ್ತದೆ. ಅತ್ತ ಪಡೆಯುವ ಯಂತ್ರ, ಉಳಿದದ್ದೂ ಬರಲಿ, ಒಟ್ಟಿಗೆ ಉತ್ತರಿಸೋಣ ಎಂದು ಕಾಯುತ್ತದೆ. ಇಬ್ಬರೂ ಒಬ್ಬರನ್ನೊಬ್ಬರು ಕಾಯುತ್ತ ಲಿನಕ್ಸ್‌ನಲ್ಲಿ 40 ಮಿಲಿಸೆಕೆಂಡ್ ವ್ಯರ್ಥವಾಗಬಹುದು. ಒಂದು ಸಿಸ್ಟಮ್ ಕಾಲ್‌ನ ಖರ್ಚಿಗೆ ಹೋಲಿಸಿದರೆ ಇದು ಸುಮಾರು 4 ಲಕ್ಷ ಪಟ್ಟು! ಎರಡನ್ನೂ ಒಂದೇ ರೈಟ್‌ವಿಯಲ್ಲಿ ಕೊಟ್ಟರೆ ಒಂದೇ ಪ್ಯಾಕೆಟ್‌ನಲ್ಲಿ ಹೋಗುತ್ತವೆ, ಈ ಕಾಯುವಿಕೆ ತಪ್ಪುತ್ತದೆ.

ಆದರೆ ಎಲ್ಲ ಕಡೆ ಇದೇ ಮದ್ದಲ್ಲ. ತುಂಡುಗಳು ತೀರಾ ಚಿಕ್ಕದಿದ್ದರೆ ಅವನ್ನು ಒಂದು ಬಫರ್‌ಗೆ ನಕಲು ಮಾಡಿ ಒಮ್ಮೆ ರೈಟ್ ಮಾಡುವುದೇ ಸರಳ, ಕೆಲವೊಮ್ಮೆ ಅದೇ ಚುರುಕು. ಪಟ್ಟಿಗೂ ಮಿತಿ ಇದೆ. ಲಿನಕ್ಸ್ ಒಂದು ಕರೆಯಲ್ಲಿ 1,024 ತುಂಡುಗಳಿಗಿಂತ ಹೆಚ್ಚು ಒಪ್ಪುವುದಿಲ್ಲ. ಒಂದೇ ಕರೆಯಲ್ಲಿ ಸಾಗಿಸುವ ಒಟ್ಟು ಮೊತ್ತವೂ ಸುಮಾರು 2 ಜಿಬಿ ದಾಟುವಂತಿಲ್ಲ. ಹಾಗೆಯೇ ಒಂದು ಕರೆ ಒಂದೇ ಫೈಲ್‌ಗೆ ಅಥವಾ ಒಂದೇ ಸಂಪರ್ಕಕ್ಕೆ ಅನ್ವಯ. ಸಾವಿರ ಫೋಟೊ ಎಂದರೆ ಸಾವಿರ ಬೇರೆ ಬೇರೆ ಫೈಲ್. ಪ್ರತಿಯೊಂದನ್ನೂ ತೆರೆಯಬೇಕು, ಹೆಸರು ದಾಖಲಿಸಬೇಕು, ಜಾಗ ಹುಡುಕಬೇಕು, ಮುಚ್ಚಬೇಕು. ಅದನ್ನು ರೈಟ್‌ವಿ ತಪ್ಪಿಸಲಾರದು.

ಕೌಂಟರ್ ಹೇಳುವ ಸಂಖ್ಯೆಯನ್ನು ಕೇಳಿಸಿಕೊಳ್ಳದಿದ್ದರೆ?

ಈಗ ಆ 46ಕ್ಕೆ ಮರಳೋಣ. ರೈಟ್‌ವಿ ಪ್ರತಿ ಸಲವೂ ಕೊಟ್ಟದ್ದನ್ನೆಲ್ಲ ಬರೆಯುತ್ತದೆ ಎಂಬ ಖಾತರಿ ಇಲ್ಲ. ನೆಟ್‌ವರ್ಕ್ ನಿಧಾನವಿರಬಹುದು, ಡಿಸ್ಕ್ ತುಂಬಿರಬಹುದು. ಆಗ ಅದು "20" ಎಂದು ಹೇಳಿ ಮರಳಬಹುದು. ಇದು ದೋಷವಲ್ಲ, ನಿಯಮವೇ ಹಾಗಿದೆ. 20 ಬೈಟ್ ಹೋಯಿತು, ಉಳಿದ 26 ನಿನ್ನ ಹೊಣೆ ಎಂದು ಅರ್ಥ.

20 ಬೈಟ್ ಅಂದರೆ ಎಲ್ಲಿಗೆ ಬಂತು? 6 ಸಂಕೇತಗಳಿಗೆ 18 ಬೈಟ್. ಅಂದರೆ "ಹುಬ್ಬಳ" ಪೂರ್ತಿ ಹೋಯಿತು. ಮುಂದಿನ ವಿರಾಮದ 3 ಬೈಟ್‌ಗಳಲ್ಲಿ 2 ಮಾತ್ರ ಹೋದವು. ಒಳ್ಳೆಯ ಪ್ರೋಗ್ರಾಮ್ ಪಟ್ಟಿಯನ್ನು ತಿದ್ದಿ, ಮೊದಲ ಬಫರ್‌ನ 21ನೇ ಬೈಟ್‌ನಿಂದ ಮತ್ತೆ ಕರೆಯುತ್ತದೆ. ಅವಸರದ ಪ್ರೋಗ್ರಾಮ್ ಸಂಖ್ಯೆಯನ್ನು ನೋಡುವುದೇ ಇಲ್ಲ. ಆಗ "ಹುಬ್ಬಳ" ಆದಮೇಲೆ ಒಂದು ವಿಚಿತ್ರ ಚಿಹ್ನೆ, ಧಾರವಾಡ ನಾಪತ್ತೆ. ಇನ್ನೂ ಕೆಟ್ಟದ್ದೆಂದರೆ ಮೊದಲಿನಿಂದ ಮತ್ತೆ ಬರೆಯುವುದು. ಆಗ ಅರ್ಧ ಹುಬ್ಬಳ್ಳಿಯ ಬೆನ್ನಿಗೆ ಇನ್ನೊಂದು ಹುಬ್ಬಳ್ಳಿ ಬರುತ್ತದೆ.

ಓದುವಾಗಲೂ ಇದೇ ಅಪಾಯ. ತಲಾ 16 ಬೈಟ್‌ನ ಮೂರು ಬಫರ್ ಕೊಟ್ಟು ರೀಡ್‌ವಿ ಕರೆದರೆ ನಮ್ಮ 46 ಬೈಟ್‌ಗಳು 16, 16, 14 ಎಂದು ಹಂಚಿಕೆಯಾಗುತ್ತವೆ. 16ನೇ ಬೈಟ್ "ಳ" ಸಂಕೇತದ ಮೊದಲ ಬೈಟ್. ಉಳಿದೆರಡು ಬೈಟ್ ಮುಂದಿನ ಬಫರ್‌ನಲ್ಲಿ. 32ನೇ ಬೈಟ್ "ಧಾ" ಅಕ್ಷರದ ದೀರ್ಘದ ಮೊದಲ ಬೈಟ್. ಅಲ್ಲೂ ಸಂಕೇತ ಒಡೆಯಿತು. ಪ್ರೋಗ್ರಾಮ್ ಮೂರು ಬಫರ್‌ಗಳನ್ನೂ ಒಂದೇ ಸಾಲೆಂದು ಭಾವಿಸಿ ಓದಿದರೆ ತೊಂದರೆ ಇಲ್ಲ. ಪ್ರತಿ ಬಫರ್ ಅನ್ನು ಬೇರೆ ಬೇರೆಯಾಗಿ ಅಕ್ಷರಕ್ಕೆ ಬದಲಿಸಹೊರಟರೆ, ಎರಡು ಕಡೆ ಕಪ್ಪು ವಜ್ರದೊಳಗಿನ ಪ್ರಶ್ನಾರ್ಥಕ ಚಿಹ್ನೆ ಕಾಣುತ್ತದೆ.

ತಮಾಷೆ ನೋಡಿ. ಇಂಗ್ಲಿಷ್‌ನಲ್ಲಿ 2014ರ ನವೆಂಬರ್ 1ರಿಂದ ಅಧಿಕೃತವಾಗಿರುವ ಕಾಗುಣಿತದಲ್ಲಿ ಹುಬ್ಬಳ್ಳಿಗೆ 8 ಅಕ್ಷರ, ಧಾರವಾಡಕ್ಕೆ 7, ಅಡ್ಡಗೆರೆ 1. ಒಟ್ಟು ಸರಿಯಾಗಿ 16 ಬೈಟ್. ಒಂದೇ ಬಫರ್‌ನಲ್ಲಿ ಕುಳಿತುಬಿಡುತ್ತದೆ. ಬಫರ್ ದಾಟಿದರೂ ಇಂಗ್ಲಿಷ್ ಅಕ್ಷರಕ್ಕೆ ಒಂದೇ ಬೈಟ್ ಆದ್ದರಿಂದ ಅದು ಒಡೆಯುವ ಪ್ರಶ್ನೆಯೇ ಇಲ್ಲ. ಹಾಗಾಗಿ ಇಂಗ್ಲಿಷ್‌ನಲ್ಲಿ ಮಾತ್ರ ಪರೀಕ್ಷಿಸಿದ ಆ್ಯಪ್‌ನಲ್ಲಿ ಈ ದೋಷ ಕಾಣಿಸಿಕೊಳ್ಳುವುದೇ ಇಲ್ಲ. ಅದು ಕಾಣುವುದು ಕನ್ನಡದಲ್ಲಿ ವಿಳಾಸ ತುಂಬಿದವರಿಗೆ, ಕನ್ನಡದಲ್ಲಿ ಅರ್ಜಿ ಬರೆದವರಿಗೆ, ಕನ್ನಡದಲ್ಲಿ ಹೆಸರು ನೋಂದಾಯಿಸಿದವರಿಗೆ. ಒಡೆದ ಒಂದು ಅಕ್ಷರದಿಂದ ಎರಡು ದಾಖಲೆಗಳ ಹೆಸರು ತಾಳೆಯಾಗದೆ ಹೋದರೆ ಅಲೆಯಬೇಕಾದವರು ಪ್ರೋಗ್ರಾಮರ್ ಅಲ್ಲ, ನಾವು. ಆದ್ದರಿಂದ ಆ್ಯಪ್ ಕಟ್ಟುವವರು ಕನ್ನಡದಲ್ಲೂ, ಅದರಲ್ಲೂ ಒತ್ತಕ್ಷರ ತುಂಬಿದ ಹೆಸರುಗಳಲ್ಲೂ ಪರೀಕ್ಷಿಸಲೇಬೇಕು. ಹುಬ್ಬಳ್ಳಿ ಇದಕ್ಕೆ ಒಳ್ಳೆಯ ಪರೀಕ್ಷಾ ಪದ.

ಒಂದು ಟಿಕ್, ಎರಡು ಟಿಕ್

ಸರಿ, ರೈಟ್‌ವಿ 46 ಎಂದೇ ಹೇಳಿತು. ಅಂದರೆ ಫೈಲ್ ಪೆನ್‌ಡ್ರೈವ್‌ನಲ್ಲಿ ಭದ್ರವೇ?

ವಾಟ್ಸ್ಆ್ಯಪ್‌ನ ಟಿಕ್ ನೆನಪಿಸಿಕೊಳ್ಳಿ. ಒಂದು ಟಿಕ್ ಎಂದರೆ ಸಂದೇಶ ಫೋನ್‌ನಿಂದ ಹೊರಟಿದೆ. ಎರಡು ಟಿಕ್ ಎಂದರೆ ಆಚೆಯ ಫೋನ್‌ಗೆ ತಲುಪಿದೆ. ಫೈಲ್ ಬರೆಯುವಾಗ ರೈಟ್ ಅಥವಾ ರೈಟ್‌ವಿ ಕೊಡುವ ಉತ್ತರ ಸಾಮಾನ್ಯವಾಗಿ ಒಂದು ಟಿಕ್ ಮಾತ್ರ. ಕರ್ನಲ್ ಮಾಹಿತಿಯನ್ನು ತನ್ನ ಮೆಮೊರಿಗೆ ತೆಗೆದುಕೊಂಡಿದೆ, ಪುರುಸೊತ್ತಿನಲ್ಲಿ ಡಿಸ್ಕ್‌ಗೆ ಬರೆಯುತ್ತದೆ. ಲಿನಕ್ಸ್‌ನ ಸಾಮಾನ್ಯ ಸೆಟ್ಟಿಂಗ್‌ನಲ್ಲಿ ಹೀಗೆ ಕಾಯುವ ಮಾಹಿತಿ 30 ಸೆಕೆಂಡ್ ಹಳೆಯದಾದ ಮೇಲೆ ಬರೆಯಲು ಅರ್ಹವಾಗುತ್ತದೆ. ಅಷ್ಟರೊಳಗೆ ಕರೆಂಟ್ ಹೋದರೆ ಅಥವಾ ಪೆನ್‌ಡ್ರೈವ್ ಕಿತ್ತರೆ ಮಾಹಿತಿಯೂ ಹೋಯಿತು.

ಎರಡನೇ ಟಿಕ್ ಬೇಕಾದ ಪ್ರೋಗ್ರಾಮ್ ಎಫ್‌ಸಿಂಕ್ ಎಂಬ ಇನ್ನೊಂದು ಸಿಸ್ಟಮ್ ಕಾಲ್ ಮಾಡಿ, ನಿಜವಾಗಿ ಬರೆದು ಮುಗಿಯುವವರೆಗೆ ಕಾಯಬೇಕು. ನಾವು ಕಂಪ್ಯೂಟರ್‌ನಲ್ಲಿ "ಇಜೆಕ್ಟ್" ಅಥವಾ "ಸುರಕ್ಷಿತವಾಗಿ ತೆಗೆಯಿರಿ" ಒತ್ತಿದಾಗಲೂ ಬಾಕಿ ಉಳಿದದ್ದೆಲ್ಲವನ್ನೂ ಬರೆದು ಮುಗಿಸಲಾಗುತ್ತದೆ.

ತುಂಡುಗಳನ್ನು ಒಂದೇ ಕರೆಯಲ್ಲಿ ಕೊಟ್ಟಿದ್ದೇವೆ, ಹಾಗಾಗಿ ಕರೆಂಟ್ ಹೋದರೂ ಎಲ್ಲವೂ ಉಳಿಯುತ್ತವೆ ಅಥವಾ ಎಲ್ಲವೂ ಹೋಗುತ್ತವೆ, ಅರ್ಧಂಬರ್ಧ ಆಗದು ಎಂದುಕೊಳ್ಳುವುದೂ ತಪ್ಪು. ರೈಟ್‌ವಿ ಆ ಭರವಸೆ ಕೊಡುವುದಿಲ್ಲ. ಬ್ಯಾಂಕ್, ಮೆಸೇಜಿಂಗ್ ಆ್ಯಪ್‌ಗಳು ಬಳಸುವ ಡೇಟಾಬೇಸ್‌ಗಳು ಇದಕ್ಕೆಂದೇ ಮೊದಲು ಒಂದು ದಿನಚರಿಯಲ್ಲಿ ಬದಲಾವಣೆ ಬರೆದಿಟ್ಟು, ಅದು ಡಿಸ್ಕ್ ತಲುಪಿದ್ದನ್ನು ಖಚಿತಪಡಿಸಿಕೊಂಡು ಮುಂದುವರಿಯುತ್ತವೆ.

ಹಾಗಾದರೆ ಆ ನಾಲ್ಕು ಮಾತುಗಳು?

"1 ಜಿಬಿ ಅಂದರೆ 1 ಜಿಬಿ, ಹೊತ್ತು ಅಷ್ಟೇ." ತಪ್ಪು. ಬೈಟ್‌ಗಳ ಲೆಕ್ಕದಷ್ಟೇ ಓಡಾಟದ ಲೆಕ್ಕವೂ ಮುಖ್ಯ. ಸಾವಿರ ಚಿಕ್ಕ ಫೈಲ್‌ಗಳಿಗೆ ಸಾವಿರ ಸಲ ತೆರೆದು ಮುಚ್ಚುವ ಕೆಲಸವಿದೆ. ಒಂದೇ ದೊಡ್ಡ ವಿಡಿಯೊ ಸಾಮಾನ್ಯವಾಗಿ ಬೇಗ ಮುಗಿಯುತ್ತದೆ.

"100% ತೋರಿಸಿದರೆ ಕಿತ್ತುಬಿಡಿ." ಅರ್ಧಸತ್ಯ. 2018ರ ವಿಂಡೋಸ್ 10ರ 1809 ಆವೃತ್ತಿಯಿಂದ ಪೆನ್‌ಡ್ರೈವ್‌ಗಳಿಗೆ ಬೇಗ ತೆಗೆಯಬಹುದಾದ ಸೆಟ್ಟಿಂಗ್ ಮೊದಲೇ ಆಯ್ಕೆಯಾಗಿರುತ್ತದೆ, ಅಲ್ಲಿ ಅಪಾಯ ಕಡಿಮೆ. ಆದರೂ ಬರೆಯುವ ಕೆಲಸ ನಡೆಯುತ್ತಿರುವಾಗ ಕೀಳಬಾರದು. ಲಿನಕ್ಸ್ ಕಂಪ್ಯೂಟರ್, ಫೋನ್‌ನ ಮೆಮೊರಿ ಕಾರ್ಡ್, ಹಳೆಯ ವಿಂಡೋಸ್ ಇದ್ದಲ್ಲಿ ಇಜೆಕ್ಟ್ ಮಾಡದೆ ತೆಗೆಯಲೇಬೇಡಿ.

"ಅಕ್ಷರ ಒಡೆದರೆ ವೈರಸ್." ತಪ್ಪು. ಕಪ್ಪು ವಜ್ರದ ಪ್ರಶ್ನಾರ್ಥಕ ಚಿಹ್ನೆ ಎಂದರೆ ಬೈಟ್‌ಗಳು ತುಂಡಾಗಿವೆ ಅಥವಾ ತಪ್ಪು ವಿಧಾನದಲ್ಲಿ ಓದಲಾಗಿದೆ. ಖಾಲಿ ಚೌಕಗಳು ಎಂದರೆ ಆ ಅಕ್ಷರದ ಫಾಂಟ್ ಇಲ್ಲ. 2018ರ ಫೆಬ್ರುವರಿಯಲ್ಲಿ ತೆಲುಗಿನ ಒಂದು ಅಕ್ಷರ ಬಂದರೆ ಐಫೋನ್ ಆ್ಯಪ್‌ಗಳು ಮುಚ್ಚಿಕೊಳ್ಳುತ್ತಿದ್ದದ್ದು ನಿಜ. ಅದೂ ವೈರಸ್ ಅಲ್ಲ, ಅಕ್ಷರ ಚಿತ್ರಿಸುವ ತಂತ್ರಾಂಶದ ದೋಷ. ಅದೇ ತಿಂಗಳು ಐಒಎಸ್ 11.2.6ರಲ್ಲಿ ಸರಿಪಡಿಸಲಾಯಿತು.

"ಬೂಸ್ಟರ್ ಆ್ಯಪ್‌ನಿಂದ ಓದುವ ಬರೆಯುವ ವೇಗ ಎರಡು ಪಟ್ಟು." ತಪ್ಪು. ಆಂಡ್ರಾಯ್ಡ್‌ನಲ್ಲಿ ಪ್ರತಿ ಆ್ಯಪ್ ತನ್ನದೇ ಆವರಣದೊಳಗೆ ಕೆಲಸ ಮಾಡುತ್ತದೆ. ಪ್ಲೇ ಸ್ಟೋರ್‌ನಿಂದ ಹಾಕಿಕೊಂಡ ಸಾಮಾನ್ಯ ಆ್ಯಪ್ ಒಂದು ಇನ್ನೊಂದು ಆ್ಯಪ್ ಎಷ್ಟು ಸಲ ಕೌಂಟರ್‌ಗೆ ಹೋಗಬೇಕೆಂದು ಬದಲಿಸಲಾರದು. ರೈಟ್ ಬದಲು ರೈಟ್‌ವಿ ಬಳಸುವುದು ಆಯಾ ಆ್ಯಪ್ ಬರೆದವರ ಕೈಯಲ್ಲಿದೆ.

ಇದರ ಜತೆಗೇ ಬರುವ ಇನ್ನೊಂದು ಮಾತು: ಕನ್ನಡದಲ್ಲಿ ಟೈಪ್ ಮಾಡಿದರೆ ಮೂರು ಪಟ್ಟು ಡೇಟಾ ಖರ್ಚು, ಇಂಗ್ಲಿಷ್ ಅಕ್ಷರದಲ್ಲೇ ಬರೆಯಿರಿ ಎಂಬುದು. ಪ್ರತಿ ಸಂಕೇತಕ್ಕೆ 3 ಬೈಟ್ ಎಂಬುದು ನಿಜ. ಆದರೆ 1,000 ಸಂಕೇತಗಳ ದೊಡ್ಡ ಸಂದೇಶಕ್ಕೂ ಬರೀ 3,000 ಬೈಟ್. ಒಂದು "ಗುಡ್ ಮಾರ್ನಿಂಗ್" ಚಿತ್ರಕ್ಕೆ ಅದರ ಹತ್ತಾರು ಪಟ್ಟು ಬೇಕು. ಡೇಟಾ ಉಳಿಸಬೇಕೆಂದರೆ ಬಿಡಬೇಕಾದ್ದು ಕನ್ನಡವನ್ನಲ್ಲ.

ನಾವು ಮಾಡಬಹುದಾದದ್ದು

ನೂರಾರು ಚಿಕ್ಕ ಫೈಲ್‌ಗಳನ್ನು ಸಾಗಿಸುವಾಗ ಅವನ್ನು ಒಂದು ಜಿಪ್ ಫೈಲ್ ಮಾಡಿ ಕಳುಹಿಸಿ. ಮದುವೆಯ ಫೋಟೊ, ಪರೀಕ್ಷೆಯ ಅರ್ಜಿ, ಜಮೀನಿನ ಕಾಗದದ ಸ್ಕ್ಯಾನ್ ಇಂಥವನ್ನು ಪೆನ್‌ಡ್ರೈವ್‌ಗೆ ಹಾಕಿದ ಮೇಲೆ ಇಜೆಕ್ಟ್ ಮಾಡಿ, ಮತ್ತೆ ಚುಚ್ಚಿ, ಒಂದೆರಡು ಫೈಲ್ ತೆರೆದು ನೋಡಿ, ಆಮೇಲಷ್ಟೇ ಫೋನ್‌ನಿಂದ ಅಳಿಸಿ. ಯಾವುದಾದರೂ ಆ್ಯಪ್‌ನಲ್ಲಿ ಕನ್ನಡದ ಹೆಸರು ಒಡೆದು ಕಂಡರೆ ಸುಮ್ಮನಾಗಬೇಡಿ. ಸ್ಕ್ರೀನ್‌ಶಾಟ್ ತೆಗೆದು ಆ ಆ್ಯಪ್‌ನ ದೂರು ವಿಭಾಗಕ್ಕೆ ಕಳುಹಿಸಿ, ಏಕೆಂದರೆ ಕನ್ನಡ ಬಳಸುವವರು ಹೇಳದೆ ಆ ದೋಷ ಅವರಿಗೆ ಗೊತ್ತಾಗುವ ಸಾಧ್ಯತೆ ಕಡಿಮೆ. ಬೂಸ್ಟರ್ ಆ್ಯಪ್‌ನ ಫಾರ್ವರ್ಡ್ ಬಂದರೆ ಅಲ್ಲಿಗೇ ನಿಲ್ಲಿಸಿ.

ಒಟ್ಟಿನಲ್ಲಿ ಹೇಳುವುದಾದರೆ: ಚದುರಿದ ತುಂಡುಗಳನ್ನು ಒಂದೇ ಸರತಿಯಲ್ಲಿ ಓದಿ ಬರೆಯುವುದು ರೀಡ್‌ವಿ, ರೈಟ್‌ವಿಗಳ ಕೆಲಸ. ಅವು ಓಡಾಟ ಉಳಿಸುತ್ತವೆ. ಎಷ್ಟು ಬೈಟ್ ಹೋಯಿತು ಎಂದು ನೋಡುವುದು ಆ್ಯಪ್ ಬರೆದವರ ಹೊಣೆ, ಎರಡನೇ ಟಿಕ್‌ವರೆಗೆ ಕಾಯುವುದು ನಮ್ಮೆಲ್ಲರ ಹೊಣೆ.